ಹಕ್ಕಿಗಳಿಗೇನು ಸೂತಕ?

16 ಫೆಬ್ರವರಿ 2025, ಭಾನುವಾರ

ಅಮ್ಮನನ್ನು ಕರೆದುಕೊಂಡು ಕೊಕ್ಕರೆ ಬೆಳ್ಳೂರಿಗೆ ಹೋಗಿಬಂದೆವು. ಎರಡು ಸಲ ಸೋಪು ಹಾಕಿ ತೊಳೆದರೂ ಕೈಯಿಂದ ಮೀನಿನ ವಾಸನೆ ಹೋಗಿಲ್ಲ. ಮಕ್ಕಳು ಊಟ ಮಾಡದೆ ಮಲಗಿಬಿಟ್ಟಿವೆ. ನನಗೆ ನಿದ್ದೆ ಬರುವ ಮುಂಚೆ ಇಷ್ಟು ಬರೆದಿಡೋಣ ಅಂತ ಕೂತೆ.

ಅಪ್ಪ ಹೋಗಿದ್ದು ಕಳೆದ ಆಷಾಢದಲ್ಲಿ. ಅಲ್ಲಿಂದೀಚೆಗೆ ಮನೆಯಲ್ಲಿ ಹಬ್ಬ ಇಲ್ಲ. ಗೌರಿ ಇಲ್ಲ, ಗಣೇಶ ಇಲ್ಲ. ದೀಪಾವಳಿಗೆ ಮಕ್ಕಳು ಪಕ್ಕದ ಮನೆಯವರ ಪಟಾಕಿ ನೋಡಿಕೊಂಡು ಬಂದರು. ಇದಕ್ಕೆಲ್ಲ ನನ್ನ ತಕರಾರಿಲ್ಲ. ಹಬ್ಬ ಮಾಡುವ ಮನಸ್ಸೂ ಇರಲಿಲ್ಲ ಬಿಡಿ. ನನಗೆ ಸಿಟ್ಟು ಬಂದಿದ್ದು ಸಂಕ್ರಾಂತಿಯ ದಿನ. ಎದುರು ಮನೆಯ ಹುಡುಗಿ ಎಳ್ಳು ಬೀರಲು ಬಂದಳು. ನನ್ನ ಹೆಂಡತಿಗೆ ಅರಿಶಿನ ಕುಂಕುಮ ಕೊಟ್ಟಳು, ಎಳ್ಳು ಕೊಟ್ಟಳು, ಕಬ್ಬು ಕೊಟ್ಟಳು. ಪಕ್ಕದಲ್ಲೇ ಅಮ್ಮ ಕೂತಿದ್ದಳು. ಪಾಪ, ಆ ಹುಡುಗಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಹಿಂದೆ ನಿಂತಿದ್ದ ಅವಳ ಅಮ್ಮ ಕಣ್ಣಲ್ಲೇ ಏನೋ ಹೇಳಿದರು. ಇನ್ನೊಂದು ಪೊಟ್ಟಣವನ್ನು ಟೀಪಾಯಿ ಮೇಲಿಟ್ಟು ಹೋಗಿಬಿಟ್ಟಳು. ವರ್ಷಗಟ್ಟಲೆ ಅವರ ಮನೆಗೆ ಹೋಗಿ ಸಕ್ಕರೆ ಅಚ್ಚು ಹಾಕಿಕೊಟ್ಟವಳು ನಮ್ಮಮ್ಮನೇ! ಅವರು ಹೋದ ಮೇಲೆ ಅಮ್ಮ ಪೊಟ್ಟಣ ಬಿಚ್ಚಿ, ಸಕ್ಕರೆ ಆನೆಯ ಸೊಂಡಿಲು ಮುರಿದು ಬಾಯಿಗೆ ಹಾಕಿಕೊಂಡು, 'ಪಾಕ ಸರಿಯಾಗಿ ಬಂದಿಲ್ಲ' ಅಂದಳು. ಅಷ್ಟೇ.

ಒಬ್ಬರು ಹೋದರೆ ಅಳು ಒಂದು ಕಡೆ, ಕಾಗದ ಪತ್ರ ಇನ್ನೊಂದು ಕಡೆ. ನಾಡಕಚೇರಿಗೆ ಅಲೆದು ವಂಶವೃಕ್ಷ ಮಾಡಿಸಿದೆ. ಅದರಲ್ಲಿ ಅಪ್ಪನ ಹೆಸರಿನ ಪಕ್ಕ 'ಮೃತ' ಅಂತ ಅಚ್ಚಾಗಿರುವುದನ್ನು ಅಮ್ಮ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದಳು. ಒಂದು ಬ್ಯಾಂಕಿನವರಂತೂ ಕೊಟ್ಟ ಕಾಗದವನ್ನೇ ಮತ್ತೆ ಮತ್ತೆ ಕೇಳುತ್ತಿದ್ದಾರೆ. ಅಪ್ಪನ ಮೊಬೈಲ್ ನಂಬರನ್ನು ಇನ್ನೂ ರೀಚಾರ್ಜ್ ಮಾಡಿಸುತ್ತಿದ್ದೇವೆ. ಸೆಂಟಿಮೆಂಟಿಗೆ ಅಂದುಕೊಳ್ಳಬೇಡಿ, ಗ್ಯಾಸ್ ಬುಕ್ ಮಾಡುವುದಕ್ಕೂ ಓಟಿಪಿಗೂ ಅದೇ ನಂಬರು. ಆ ಫೋನಿಗೆ ಈಗಲೂ ಬೆಳಗ್ಗೆ ಬೆಳಗ್ಗೆ ಅವರ ವಾಕಿಂಗ್ ಗುಂಪಿನ ಶುಭೋದಯದ ಗುಲಾಬಿ ಹೂವುಗಳು ಬರುತ್ತವೆ.

ಹೋದ ವಾರ ನನ್ನ ಹೆಂಡತಿ, 'ಅತ್ತೆ, ನೀವು ಮನೆ ಬಿಟ್ಟು ಆಚೆ ಹೋಗಿ ಎಷ್ಟು ದಿನ ಆಯ್ತು, ಮೈಸೂರಿಗೆ ಹೋಗೋಣ, ಚಾಮುಂಡಿ ಬೆಟ್ಟ ನೋಡಿ ಬರೋಣ' ಅಂದಳು. ಅದು ಹೇಗೋ ಸೋದರತ್ತೆಯ ಕಿವಿಗೆ ಬಿತ್ತು. ತಕ್ಷಣ ಫೋನು. ವರ್ಷ ತುಂಬುವ ತನಕ ಬೆಟ್ಟ ಹತ್ತಬಾರದು, ದೇವಸ್ಥಾನಕ್ಕೆ ಹೋಗಬಾರದು, ಅಷ್ಟೂ ಗೊತ್ತಿಲ್ವಾ ನಿಮಗೆ ಅಂತ. ಅಮ್ಮ ಎಲ್ಲವನ್ನೂ ಹೂಂಗುಟ್ಟಿಕೊಂಡು ಕೇಳಿದಳು. ಫೋನ್ ಇಟ್ಟವಳೇ, 'ದೇವಸ್ಥಾನ ತಾನೆ ಬೇಡ ಅಂದಿದ್ದು? ಹಕ್ಕಿ ನೋಡೋಕೆ ಹೋಗೋಣ. ಹಕ್ಕಿಗಳಿಗೇನು ಸೂತಕ?' ಅಂದಳು. ಮಕ್ಕಳು ಕುಣಿದವು.

ದಾರಿಯ ಬಗ್ಗೆ ಬರೆಯುವಂಥದ್ದು ಜಾಸ್ತಿ ಇಲ್ಲ. 2023ರ ಮಾರ್ಚಿನಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಮೈಸೂರು ರಸ್ತೆಯಲ್ಲಿ ಊರುಗಳೇ ಕಾಣುವುದಿಲ್ಲ. ರಾಮನಗರದ ಬಂಡೆಗಳು ಕಂಡವು, ಚನ್ನಪಟ್ಟಣದ ಬೊಂಬೆ ಅಂಗಡಿಗಳು ಕಾಣಲಿಲ್ಲ. ಚಿಕ್ಕವನಿಗೆ ಬುಗುರಿ ಕೊಡಿಸುವ ಖರ್ಚು ಉಳಿಯಿತು ಅನ್ನಬೇಕೋ, ಆ ಅಂಗಡಿಯವರ ಪಾಡೇನು ಅನ್ನಬೇಕೋ. ಸರ್ವೀಸ್ ರಸ್ತೆಗೆ ಇಳಿದು, ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಿದ ಮೇಲೆಯೇ ಊರು, ಕಬ್ಬು, ಎತ್ತಿನ ಗಾಡಿ, ತಿಪ್ಪೆ ಎಲ್ಲ ಶುರುವಾದವು.

ಕೊಕ್ಕರೆ ಬೆಳ್ಳೂರು ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಯ ಮಗ್ಗುಲಲ್ಲಿರುವ ಹಳ್ಳಿ. ಇಲ್ಲಿ ಹಕ್ಕಿ ನೋಡಲು ಕಾಡಿಗೆ ಹೋಗಬೇಕಿಲ್ಲ. ಹೆಜ್ಜಾರ್ಲೆಗಳೂ (ಪೆಲಿಕನ್‌ಗಳು) ಬಣ್ಣದ ಕೊಕ್ಕರೆಗಳೂ ಮನೆಗಳ ಮಧ್ಯೆ ಇರುವ ಹುಣಸೆಮರ, ಅರಳಿಮರಗಳಲ್ಲೇ ಗೂಡು ಕಟ್ಟುತ್ತವೆ. ಮರದ ಕೆಳಗೆ ಹಸು ಕಟ್ಟಿರುತ್ತಾರೆ, ಬಟ್ಟೆ ಒಣಗಿಹಾಕಿರುತ್ತಾರೆ, ಮೇಲೆ ಹಕ್ಕಿಗಳ ಸಂಸಾರ. ಒಂದೊಂದು ಮರದಲ್ಲಿ ಕೊಂಬೆಗಿಂತ ಗೂಡೇ ಹೆಚ್ಚು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಅಂತ ಘೋಷಿಸಿತು. ಆದರೆ ಊರವರು ಹಕ್ಕಿಗಳನ್ನು ನೋಡಿಕೊಳ್ಳುತ್ತಿರುವುದು ಅದಕ್ಕಿಂತ ಎಷ್ಟೋ ಮೊದಲಿನಿಂದ.

ನಾವು ನಿಂತ ಹುಣಸೆಮರದಲ್ಲಿ ಹೆಜ್ಜಾರ್ಲೆಯೊಂದು ಮರಿಗೆ ಉಣಿಸುತ್ತಿತ್ತು. ನಾನು ಕೊಕ್ಕಿನಿಂದ ಕೊಕ್ಕಿಗೆ ಕೊಡುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ತಾಯಿ ಬಾಯಿ ತೆರೆದು ಕೂತಿತು. ಮರಿ ತಲೆಯನ್ನು ಪೂರ್ತಿ ಒಳಗೆ ತೂರಿಸಿತು, ಕತ್ತಿನ ತನಕ. ತಾಯಿಯ ಕೊಕ್ಕಿನ ಕೆಳಗಿನ ಚೀಲ ಅತ್ತ ಇತ್ತ ಉಬ್ಬುತ್ತಿತ್ತು, ಒಳಗೆ ಮರಿ ಮೀನಿಗಾಗಿ ತಡಕಾಡುವುದು ಹೊರಗಿನಿಂದಲೇ ಗೊತ್ತಾಗುತ್ತಿತ್ತು. ಹೊರಬಂದ ಮರಿಯ ತಲೆ ಒದ್ದೆ. ಸಾಲದು ಅಂತ ಮತ್ತೆ ಕೂಗಾಟ. ತಾಯಿ ಮುಖ ತಿರುಗಿಸಿಕೊಂಡಿತು. 'ಈಗ ಕೊಟ್ಟೆನಲ್ಲೇ, ಇರು ಸ್ವಲ್ಪ' ಅಂತ ಅಮ್ಮನೇ ಅದರ ಪರವಾಗಿ ಗದರಿದಳು. ಮಗಳು ನಕ್ಕಿದ್ದೇ ನಕ್ಕಿದ್ದು.

ಅಷ್ಟರಲ್ಲಿ ನನ್ನ ಭುಜದ ಮೇಲೆ ಪ್ರಸಾದ ಬಿತ್ತು. ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದು ಒಳ್ಳೆಯದೇ ಆಯಿತು.

ಮರದ ಹಿಂದಿನ ಮನೆಯ ಜಗಲಿಯಲ್ಲಿ ಒಬ್ಬ ಅಜ್ಜಿ ಅವರೆಕಾಯಿ ಬಿಡಿಸುತ್ತಿದ್ದರು. ಅಮ್ಮನನ್ನು ಕರೆದು, 'ಬಿಸ್ಲಲ್ಲಿ ಯಾಕ್ ನಿಂತಿದ್ದೀರಿ, ಬಂದು ಕೂತ್ಕಳಿ' ಅಂದರು. ಅಮ್ಮ ಕೂತಳು, ಕೈ ಸುಮ್ನಿರಲಿಲ್ಲ, ತಾನೂ ಅವರೆಕಾಯಿ ಬಿಡಿಸತೊಡಗಿದಳು. ಅಜ್ಜಿ ಹೇಳುತ್ತಾ ಹೋದರು. 'ನಮ್ ಹೆಣ್ಮಕ್ಳು ಬಾಣ್ತನಕ್ಕೆ ಬಂದಂಗೆ ಕಣವ್ವ ಇವು. ಬತ್ತವೆ, ಮರಿ ಮಾಡ್ಕತವೆ, ಮಳೆಗಾಲದೊತ್ಗೆ ಹೊಂಟೋಯ್ತವೆ.' ಹಕ್ಕಿ ಇರುವ ಮರದ ಹುಣಸೆಹಣ್ಣು ಕೀಳುವಂತಿಲ್ಲ, ಅದಕ್ಕೆ ಅರಣ್ಯ ಇಲಾಖೆ ಮರದ ಯಜಮಾನನಿಗೆ ಪರಿಹಾರ ಕೊಡುತ್ತದೆ. ಮರದ ಬುಡದಲ್ಲಿ ಗುಂಡಿ ತೆಗೆದು ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು, ತುಂಬಿಟ್ಟರೆ ಹಿಕ್ಕೆ ಬಿದ್ದೂ ಬಿದ್ದೂ ಹೊಲಕ್ಕೆ ಒಳ್ಳೆ ಗೊಬ್ಬರ. ವಾಸನೆ ಸಹಿಸಿಕೊಂಡಿದ್ದಕ್ಕೆ ಅಷ್ಟಾದರೂ ಬೇಡವೇ?

ಮಾತಿನ ಮಧ್ಯೆ ಅಜ್ಜಿ, 'ಯಜಮಾನ್ರು ಬರ್ನಿಲ್ವಾ?' ಅಂತ ಕೇಳಿದರು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ಅಮ್ಮ, 'ಇಲ್ಲ, ತೀರ್ಕೊಂಡ್ರು. ಆಷಾಢದಲ್ಲಿ' ಅಂದಳು. 'ನಮ್ಮೋರು ಹೋಗಿ ಬಾಳಾ ವರ್ಸಾಯ್ತು' ಅಂದರು ಅಜ್ಜಿ. ಆಮೇಲೆ ಅವರೆಕಾಯಿಯ ರೇಟು, ಹುಳುಕು, ಸೊಗಡು ಈ ವರ್ಷ ಹೇಗಿದೆ ಅನ್ನುವ ಕಡೆಗೆ ಇಬ್ಬರೂ ಹೊರಟುಹೋದರು. ಅಮ್ಮ ಅಷ್ಟು ಸಲೀಸಾಗಿ ಆ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ನಮ್ಮ ಬೀದಿಯಲ್ಲಿ ಎಲ್ಲರಿಗೂ ವಿಷಯ ಗೊತ್ತು, ಆದ್ದರಿಂದ ಯಾರೂ ಕೇಳುವುದಿಲ್ಲ. ಕೇಳದಿದ್ದರೆ ಹೇಳುವುದು ಹೇಗೆ, ಅಲ್ವಾ? ಹೊರಡುವಾಗ ಅಜ್ಜಿ ಅಮ್ಮನ ಸೆರಗಿಗೆ ಎರಡು ಹಿಡಿ ಅವರೆಕಾಳು ಸುರಿದರು. ದುಡ್ಡು ಕೊಡಲು ಹೋದ ನನಗೆ ಬೈಸಿಕೊಳ್ಳುವ ಯೋಗ.

ವಾಪಸ್ ಬರುವಾಗ ಮದ್ದೂರಿಗೆ ಹೋಗಿ ವಡೆ ತಿಂದೆವು. ಅಪ್ಪ ಮೈಸೂರು ರೈಲಿನಲ್ಲಿ ಮದ್ದೂರು ಬರುವ ಮುಂಚೆಯೇ ಚಿಲ್ಲರೆ ಎಣಿಸಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ವಡೆಯಲ್ಲಿ ಈರುಳ್ಳಿ ಕಪ್ಪಾಗಿದ್ದರೆ ಬೈಯುತ್ತಿದ್ದರು, ಬೈಯುತ್ತಲೇ ಇನ್ನೊಂದು ಕೊಳ್ಳುತ್ತಿದ್ದರು. ಇವತ್ತಿನ ವಡೆ ಗರಿಗರಿಯಾಗಿತ್ತು. ಅಪ್ಪನಿಗೆ ಬೈಯಲು ಏನೂ ಸಿಗುತ್ತಿರಲಿಲ್ಲ.

ರಾತ್ರಿ ಅಮ್ಮ ಅವರೆಕಾಳು ನೆನೆಹಾಕಿದಳು, ನಾಳೆ ಹಿತಕಿದ ಬೇಳೆ ಸಾರಂತೆ. ಆಮೇಲೆ ನನ್ನ ಹತ್ತಿರ ಬಂದು, 'ನಾಳೆ ಬ್ಯಾಂಕಿಗೆ ನಾನೂ ಬರ್ತೀನಿ. ನೀನು ಬಾಯಿ ಬಿಡೋದಿಲ್ಲ, ಅವರು ಕೆಲಸ ಮಾಡೋದಿಲ್ಲ. ನಾನೇ ಮಾತಾಡ್ತೀನಿ' ಅಂದಳು. ಹತ್ತು ಗಂಟೆಗೆ ಬಾಗಿಲು ತೆಗೆಯುವಷ್ಟರಲ್ಲಿ ಅಲ್ಲಿರಬೇಕು. ವಂಶವೃಕ್ಷದ ಇನ್ನೊಂದು ಜೆರಾಕ್ಸ್ ಮಾಡಿಸಬೇಕು, ಅಮ್ಮನ ಫೋಟೊ ಎಲ್ಲಿಟ್ಟಿದ್ದೇನೋ ಹುಡುಕಬೇಕು.