ಟ್ಯಾಗ್ ಮೇಲೊಂದು ಜರಿಗಿಡ

ಅಕ್ಕನ ಮನೆ ಗೃಹಪ್ರವೇಶದ ಉಡುಗೊರೆಗೆ ಕಟ್ಟೋಕೆ ಟ್ಯಾಗ್ ಮಾಡ್ತಾ ಕೂತಿದ್ದೀನಿ. ದಪ್ಪ ಕಾಗದದ ಅಂಚಿಗೆ ಹಸಿರು, ಕಂದು ಇಂಕನ್ನ ಸ್ಪಂಜಿನಲ್ಲಿ ಸವರಿದ್ರೆ ಮಳೆಗಾಲದ ಗೋಡೆಯ ಪಾಚಿ ಬಣ್ಣ ಬರುತ್ತೆ. ಅದರ ಮೇಲೆ ಜರಿಗಿಡದ ಅಚ್ಚು. ಆ ಒದ್ದೆ ಅಚ್ಚಿನ ಮೇಲೆ ಪುಡಿ ಉದುರಿಸಿ, ಕಾವು ಕೊಟ್ಟು ಕರಗಿಸಿ ಚಿತ್ರ ಉಬ್ಬೋ ಹಾಗೆ ಮಾಡ್ತೀನಿ, ಅದಕ್ಕೇ ಎಂಬಾಸಿಂಗ್ ಅನ್ನೋದು.

ಎಂಬಾಸಿಂಗ್‌ಗೆ ಪಿಗ್ಮೆಂಟ್ ಇಂಕೇ ಒಳ್ಳೇದು. ನಿಧಾನಕ್ಕೆ ಒಣಗುತ್ತಲ್ಲ, ಪುಡಿ ಹಿಡ್ಕೊಳ್ಳೋಕೆ ಸಮಯ ಸಿಗುತ್ತೆ. ಅಚ್ಚೊತ್ತೋ ಮೊದಲೇ ಕಾಗದಕ್ಕೆ ಚೂರು ಟಾಲ್ಕಂ ಪೌಡರ್ ಸವರಿದ್ರೆ ಪುಡಿ ಕಂಡಕಂಡಲ್ಲಿ ಅಂಟಲ್ಲ. ಹೇರ್ ಡ್ರೈಯರ್ ಸಾಲದಾ ಅಂತ ಕೇಳ್ತಾರೆ. ಸಾಲದು, ಅದಕ್ಕೆ ಗಾಳಿ ಜಾಸ್ತಿ, ಕಾವು ಕಮ್ಮಿ, ಪುಡಿಯೆಲ್ಲ ಹಾರಿಹೋಗುತ್ತೆ. ಜಾಸ್ತಿ ಕಾವು ಕೊಡೋ ಹೀಟ್ ಗನ್ ಹಿಡಿದ್ರೆ ಮಂಕಾಗಿದ್ದ ಪುಡಿ ಒಂದು ತುದಿಯಿಂದ ಕರಗ್ತಾ, ಉಬ್ಬಿ, ಎಸಳೆಸಳಾಗಿ ಹೊಳೆಯೋಕೆ ಶುರುವಾಗುತ್ತೆ. ಆ ಕ್ಷಣಕ್ಕೋಸ್ಕರವೇ ಇಷ್ಟೆಲ್ಲ ಹಾರಾಟ, ಸುಳ್ಳು ಯಾಕೆ ಹೇಳ್ಲಿ!

ಮಲೆನಾಡಿನ ಮಕ್ಕಳಿಗೆ ಇದೇನು ಹೊಸದಲ್ಲ ಬಿಡಿ. ಅಲ್ಲಿ ಒಂದು ಜಾತಿ ಜರಿಗಿಡದ ಎಲೆಯ ಅಡಿಭಾಗದಲ್ಲಿ ಬಿಳಿ ಪುಡಿ ಇರುತ್ತೆ. ಆ ಎಲೆನ ಕೈ ಮೇಲಿಟ್ಟು ಪಟ್ ಅಂತ ತಟ್ಟಿದ್ರೆ ಇಡೀ ಎಲೆ ಬೆಳ್ಳಗೆ ಮೂಡುತ್ತೆ. ಇಂಕೂ ಬೇಡ, ಕರೆಂಟೂ ಬೇಡ. ದುಡ್ಡು ಕೊಟ್ಟು ಡಬ್ಬಿ ಪುಡಿ ತರೋ ನಮ್ಮನ್ನ ನೋಡಿದ್ರೆ ಆ ಮಕ್ಕಳು ನಗ್ತಾವೇನೋ.

ಸರಿ, ಸೆಣಬಿನ ದಾರ ಎಲ್ಲಿಟ್ಟೆ?