ಕಿತ್ತ ಕಲ್ಲಿಗೆ ಇಷ್ಟು ಹಣ

ರಾಯಚೂರಲ್ಲಿ ಯಾರನ್ನೇ ಕೇಳಿ, 1520ರ ಯುದ್ಧ ಅಂದ್ರೆ ಕೃಷ್ಣದೇವರಾಯ ಗೆದ್ದ, ಬಿಜಾಪುರದ ಸುಲ್ತಾನ ಆದಿಲ್ ಶಾ ಓಡಿದ, ಅಲ್ಲಿಗೆ ಮುಗೀತು. ಆದರೆ ಆ ಯುದ್ಧದ ಸಣ್ಣಪುಟ್ಟ ವಿವರ ಬೇಕು ಅಂದ್ರೆ ಫೆರ್ನಾವೊ ನೂನಿಜ್ ಬರೆದಿಟ್ಟಿದ್ದನ್ನೇ ಓದಬೇಕು. ಇವನು ಪೋರ್ಚುಗೀಸ್ ಕುದುರೆ ವ್ಯಾಪಾರಿ, ಯುದ್ಧ ಮುಗಿದು ಹದಿನೈದು ವರ್ಷದ ಮೇಲೆ ವಿಜಯನಗರದಲ್ಲಿದ್ದ. ಅವನ ಬರಹದ ಹಸ್ತಪ್ರತಿ ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ಉಳಿದಿತ್ತು. 1897ರಲ್ಲಿ ಡೇವಿಡ್ ಲೋಪೆಸ್ ಅದನ್ನು ಅಚ್ಚು ಹಾಕಿಸಿದರು, 1900ರಲ್ಲಿ ರಾಬರ್ಟ್ ಸೀವೆಲ್ ಇಂಗ್ಲಿಷಿಗೆ ತಂದರು.

ವ್ಯಾಪಾರಿ ಬರೆದ ಯುದ್ಧ ಅಲ್ವಾ, ಶುರುವಾಗೋದೇ ದುಡ್ಡಿನಿಂದ. ಗೋವೆಯಲ್ಲಿ ಕುದುರೆ ಕೊಳ್ಳೋಕೆ ರಾಯ ಒಬ್ಬನ ಕೈಗೆ 40,000 ಪರ್ದಾವ್ (ಆಗಿನ ಚಿನ್ನದ ನಾಣ್ಯ) ಕೊಟ್ಟು ಕಳಿಸಿದ, ಅವನು ದುಡ್ಡಿನ ಸಮೇತ ಆದಿಲ್ ಶಾನ ಕಡೆ ಓಡಿಹೋದ. ಜಗಳಕ್ಕೆ ಇದು ನೆಪ ಮಾತ್ರ ಅಂತ ನನ್ನ ಲೆಕ್ಕ. ಕೃಷ್ಣೆ ತುಂಗಭದ್ರೆಯ ನಡುವಿನ ಈ ನೆಲಕ್ಕೆ ಬಹಮನಿ ಸುಲ್ತಾನರ ಕಾಲದಿಂದಲೂ ಕಿತ್ತಾಟ ನಡೆದೇ ಇತ್ತು.

ನೂನಿಜ್ ಕೊಡೋ ರಾಯನ ಸೈನ್ಯದ ಲೆಕ್ಕವನ್ನು ಮಾತ್ರ ನಾನು ನಂಬಲ್ಲ. ಏಳು ಲಕ್ಷಕ್ಕೂ ಜಾಸ್ತಿ ಕಾಲಾಳುಗಳಂತೆ! ಅಷ್ಟು ಜನಕ್ಕೆ ಮೇ ತಿಂಗಳ ರಾಯಚೂರಲ್ಲಿ ಕುಡಿಯೋ ನೀರು ಎಲ್ಲಿಂದ ತಂದರು? ಆದಿಲ್ ಶಾನ ಫಿರಂಗಿಗಳು ಒಟ್ಟಿಗೆ ಸಿಡಿದಾಗ ಮುಂದಿನ ಸಾಲು ಚದುರಿತು, ಆಗ ರಾಯ ಬೆರಳಿನ ಉಂಗುರ ತೆಗೆದು ಪಕ್ಕದ ಹುಡುಗನಿಗೆ ಕೊಟ್ಟು, ನಾನು ಸತ್ತರೆ ರಾಣಿಯರಿಗೆ ಇದನ್ನು ತೋರಿಸು ಅಂದು ಮುನ್ನುಗ್ಗಿದ ಅನ್ನೋ ಕಥೆ ಚೆನ್ನಾಗಿದೆ, ಸ್ವಲ್ಪ ಜಾಸ್ತಿಯೇ ಚೆನ್ನಾಗಿದೆ.

ನನಗೆ ಹಿಡಿಸಿದ್ದು ಆದಿಲ್ ಶಾನ ಕೈಲಿದ್ದ ರಾಯಚೂರು ಕೋಟೆಗೆ ರಾಯ ಹಾಕಿದ ಮುತ್ತಿಗೆಯ ಭಾಗ. ಕೋಟೆಗೋಡೆಯಿಂದ ಕಲ್ಲು ಕಿತ್ತು ತಂದ ಸೈನಿಕರಿಗೆ ದಂಡನಾಯಕರು ಕಲ್ಲಿನ ಗಾತ್ರ ನೋಡಿ ದುಡ್ಡು ಕೊಡುತ್ತಿದ್ದರಂತೆ, 10 ಹಣದಿಂದ 50 ಹಣದವರೆಗೆ (ಹಣ ಅಂದ್ರೆ ಆಗಿನ ಒಂದು ಸಣ್ಣ ನಾಣ್ಯ). ಮೇಲಿಂದ ಬಾಣ, ಗುಂಡು. ಕೆಳಗೆ ಹಾರೆ ಹಿಡಿದವನು ದೊಡ್ಡ ಕಲ್ಲಿಗೇ ಕೈ ಹಾಕೋದು. ರಾಜನ ಹೊಗಳುಭಟ್ಟರು ಇದನ್ನೆಲ್ಲ ಬರೆಯಲ್ಲ, ದರ ಕೇಳಿ ಬರೆದುಕೊಳ್ಳೋದು ವ್ಯಾಪಾರಿಯೇ. ಅಲ್ಲೇ ಇದ್ದ ಪೋರ್ಚುಗೀಸರು ಯಾರೋ ಅವನಿಗೆ ಹೇಳಿರಬೇಕು. ಕ್ರಿಸ್ಟೊವಾವೊ ದೆ ಫಿಗ್ಯುರೆಡೊ ಅನ್ನೋನು ಇಪ್ಪತ್ತು ಕೋವಿಗಾರರ ಜೊತೆ ಬಂದಿದ್ದ. ಅವನೂ ರಾಯನಿಗೆ ಕುದುರೆ ಮಾರೋಕೆ ಬಂದವನೇ! ಗೋಡೆ ಮೇಲೆ ತಲೆ ಎತ್ತಿದವರನ್ನು ಇವರು ಹೊಡೆದುರುಳಿಸಿದ್ದಕ್ಕೆ ಕೆಳಗಿನವರಿಗೆ ಕಲ್ಲು ಕೀಳೋಕೆ ಆಯಿತು. ಕೋಟೆಯ ಅಧಿಕಾರಿ ಬಗ್ಗಿ ನೋಡಿದಾಗ ಹಣೆಗೇ ಗುಂಡು ಬಿತ್ತು. ಆಮೇಲೆ ಊರಿನವರು ಶರಣಾದರು.

ಇದೇ ಕೋಟೆಯ ಪಶ್ಚಿಮ ಗೋಡೆಯಲ್ಲಿ 41 ಅಡಿ ಉದ್ದದ ಒಂದು ಕಲ್ಲಿದೆ, 1294ರ ಕಾಕತೀಯರ ಕಾಲದ ಶಾಸನ ಅದರ ಮೇಲಿದೆ. ಅದಕ್ಕೆ ಎಷ್ಟು ಹಣ ಕೊಡುತ್ತಿದ್ದರೋ! ಯಾರೂ ಕಿತ್ತಿಲ್ಲ, ಪುಣ್ಯ.

ಬಿಜಾಪುರದ ಇತಿಹಾಸಕಾರ ಫಿರಿಶ್ತಾ ಹೇಳೋದೇ ಬೇರೆ: ಸುಲ್ತಾನ ಕುಡಿದ ಅಮಲಿನಲ್ಲಿ ಹಿಂದೆಮುಂದೆ ನೋಡದೆ ನದಿ ದಾಟಿ ಕೆಟ್ಟ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ, ಮಜಾ ಇದೆ.