ಕರಿಯನ ಮೂತಿ ತುಂಬಾ ಮುಳ್ಳಂದಿ ಮುಳ್ಳು

ಹೋದ ನವೆಂಬರ್‌ನಲ್ಲಿ ಆಗಿದ್ದು ಇದು. ಬೆಳಗ್ಗೆ ಐದೂವರೆಗೆ ಹಾಲು ಕರೆಯೋಕೆ ಹೋದ ಅಮ್ಮ ಕೊಟ್ಟಿಗೆಯಿಂದ್ಲೇ ಕೂಗಿದ್ರು, ಓಡಿ ಹೋಗಿ ನೋಡಿದ್ರೆ ನಮ್ಮ ನಾಯಿ ಕರಿಯ ಮೂಲೇಲಿ ಮುದುಡ್ಕೊಂಡು ಕೂತಿದ್ದಾನೆ, ಮೂತಿ, ಎದೆ, ಮುಂಗಾಲು ಎಲ್ಲಾ ಕಪ್ಪು ಬಿಳಿ ಪಟ್ಟೆ ಮುಳ್ಳು, ಬಾಯಿ ಮುಚ್ಚೋಕಾಗ್ದೆ ಜೊಲ್ಲಿನ ಜೊತೆ ರಕ್ತ ಇಳೀತಾ ಇತ್ತು.

ತೀರ್ಥಹಳ್ಳಿ ಕಡೆ ತೋಟ ಇರೋರಿಗೆ ಮುಳ್ಳಂದಿ ಹೊಸದೇನಲ್ಲ, ರಾತ್ರಿ ಬಂದು ಗೆಡ್ಡೆ ಗೆಣಸು ಬಗೆದು ತಿಂದು ಹೋಗುತ್ತೆ. ಮುಳ್ಳನ್ನ ಬಾಣದ ಹಾಗೆ ಎಸೆಯುತ್ತೆ ಅಂತಾರಲ್ಲ, ಅದು ಸುಳ್ಳು. ನಾಯಿ ಹತ್ತಿರ ಬಂತು ಅಂದ್ರೆ ಮುಳ್ಳು ನಿಮಿರಿಸಿ ಹಿಂದು ಹಿಂದಕ್ಕೇ ನುಗ್ಗುತ್ತೆ, ಚುಚ್ಚಿದ್ದು ಕಳಚ್ಕೊಂಡು ನಾಯಿ ಮೈಯಲ್ಲೇ ಉಳಿಯುತ್ತೆ.

ಅಪ್ಪ ಇಕ್ಕಳ ತಂದು ಒಂದು ಎಳೆದಿದ್ದೇ ತಡ, ಏಳು ವರ್ಷದಲ್ಲಿ ಯಾರಿಗೂ ಹಲ್ಲು ತೋರಿಸದ ಕರಿಯ ಅಪ್ಪನ ಕೈಗೇ ಬಾಯಿ ಹಾಕಿದ, ಕಚ್ಚಲಿಲ್ಲ ಪಾಪ, ಹಲ್ಲು ತಾಗಿಸಿ ಬಿಟ್ಟುಬಿಟ್ಟ. ಪಕ್ಕದ ಮನೆಯವರು ತುದಿ ಕತ್ತರಿಸಿದ್ರೆ ಗಾಳಿ ಹೋಗಿ ಸಲೀಸಾಗಿ ಬರುತ್ತೆ ಅಂದ್ರು. ಪುಣ್ಯಕ್ಕೆ ಅಷ್ಟರಲ್ಲಿ ಪಶು ಡಾಕ್ಟ್ರು ಫೋನಿಗೆ ಸಿಕ್ಕಿದ್ರು. "ಕತ್ತರಿಸ್ಬೇಡಿ ಮಾರಾಯ್ರೆ, ಸೀಳಿ ಒಳಗೇ ಚೂರು ಉಳಿಯುತ್ತೆ, ಎಳೆಯೋಕೆ ಹಿಡಿತನೂ ಸಿಗಲ್ಲ, ಹಾಗೇ ಕರ್ಕೊಂಡು ಬನ್ನಿ."

ಓಮ್ನಿ ಹಿಂದೆ ಗೋಣಿಚೀಲ ಹಾಸಿ, ಮೂತಿ ಉಜ್ಜಿಕೊಳ್ದೆ ಇರ್ಲಿ ಅಂತ ಮುಂಗಾಲು ಎರಡೂ ಹಿಡ್ಕೊಂಡು ಕೂತಿದ್ದೆ, ದಾರಿ ಪೂರ್ತಿ ಅವನ ಎದೆ ಹೊಡ್ಕೊಳ್ಳೋದು ನನ್ನ ಕೈಗೆ ಗೊತ್ತಾಗ್ತಿತ್ತು. ಅಲ್ಲಿ ಡಾಕ್ಟ್ರು ಮಂಪರು ಬರೋ ಇಂಜೆಕ್ಷನ್ ಕೊಟ್ಟು, ಒಂದೊಂದನ್ನೂ ಚುಚ್ಚಿದ ಗೆರೆಯಲ್ಲೇ ನೇರ ಹೊರಕ್ಕೆ ಎಳೆದು ತೆಗೆದ್ರು. ಒಟ್ಟು 31, ಅದ್ರಲ್ಲಿ ಎರಡು ನಾಲಿಗೆ ಅಡಿ. ಆಂಟಿಬಯೋಟಿಕ್ ಬರೆದುಕೊಟ್ಟು, ಮನುಷ್ಯರ ನೋವಿನ ಮಾತ್ರೆ ಯಾವ ಕಾರಣಕ್ಕೂ ಕೊಡ್ಬೇಡಿ, ದಿನಾ ಮೈ ಮೇಲೆ ಕೈಯಾಡಿಸಿ ನೋಡಿ, ಮುರಿದ ಚೂರು ಕಣ್ಣಿಗೆ ಕಾಣಲ್ಲ, ಒಳಗೊಳಗೇ ಸರೀತಾ ಹೋಗುತ್ತೆ ಅಂದ್ರು.

ನಾಲ್ಕು ದಿನ ಬರೀ ತಣ್ಣಗಿನ ಗಂಜಿ, ಅದನ್ನೂ ಅಮ್ಮ ಕೈಯಲ್ಲೇ ನೆಕ್ಕಿಸಿದ್ರು. ಗಾಯ ಎಲ್ಲಾ ಒಣಗ್ತಾ ಬಂತು, ನಾನು ಮಾತ್ರ ಕೈಯಾಡಿಸೋದು ಬಿಡಲಿಲ್ಲ. ಒಂಬತ್ತನೇ ದಿನ ದವಡೆ ಕೆಳಗೆ ಗೋಟಡಿಕೆಯಷ್ಟು ದಪ್ಪದ ಗಂಟು ಸಿಕ್ತು, ಬಿಸಿ ಇತ್ತು, ಮುಟ್ಟಿದ್ರೆ ತಲೆ ಎಳ್ಕೊಳ್ತಿದ್ದ. ಮತ್ತೆ ಡಾಕ್ಟ್ರ ಹತ್ರ ಓಡಿದ್ವಿ, ಕೊಯ್ದು ಕೀವು ತೆಗೆದಾಗ ಅದರ ಜೊತೆ ಬಂತು ನೋಡಿ ಒಂದಿಂಚಿನ ಚೂರು.

ಈಗ ಕತ್ತಲಾಗ್ತಿದ್ದ ಹಾಗೇ ಕರಿಯನ್ನ ಜಗಲಿ ಕಂಬಕ್ಕೆ ಕಟ್ತೀವಿ. ತೋಟದ ಕಡೆ ಸದ್ದಾದ್ರೆ ಈಗ್ಲೂ ಎದ್ದು ನಿಂತು ಗುರ್ ಅಂತಾನೆ, ನಾನು ಹೋಗಿ ಪಕ್ಕ ಕೂತ್ಕೋತೀನಿ, ದವಡೆ ಕೆಳಗೆ ಒಂದ್ಸಲ ಕೈಯಾಡಿಸ್ತೀನಿ.